ತಳ್ಳುವ ಟೋಬೋಟೋ, ತಾನೇ ಓಡುವ ಬಾರ್ಜೋ: ಒಳನಾಡು ಜಲಮಾರ್ಗಕ್ಕೆ ಸರಕು ನೌಕೆಗಳನ್ನು ಆರಿಸುವ ಬಗೆ

ನದಿ ಮತ್ತು ಕಾಲುವೆಗಳಲ್ಲಿ ಸರಕು ಸಾಗಿಸಲು ನೌಕೆಗಳನ್ನು ಕೊಳ್ಳುವವರಾಗಲಿ ಬಾಡಿಗೆಗೆ ಹಿಡಿಯುವವರಾಗಲಿ ಮೊದಲು ಕೇಳುವುದು ಸಾಮಾನ್ಯವಾಗಿ ಎಂಜಿನ್ ಎಷ್ಟು ಅಶ್ವಶಕ್ತಿಯದು ಎಂದು. ಆ ಪ್ರಶ್ನೆ ಮುಖ್ಯವಾದದ್ದೇ ಆದರೂ ಅದು ಕೊನೆಯಲ್ಲಿ ಬರಬೇಕಾದದ್ದು. ಅದಕ್ಕೂ ಮೊದಲು ಎರಡು ಸಂಗತಿಗಳನ್ನು ಅಳೆದು ನೋಡಿರಬೇಕು: ಸರಕು ತುಂಬಲು ಮತ್ತು ಇಳಿಸಲು ದಕ್ಕೆಯಲ್ಲಿ ಎಷ್ಟು ಗಂಟೆ ಹಿಡಿಯುತ್ತದೆ, ಮತ್ತು ನೀರು ಅತಿ ಕಡಿಮೆಯಾಗುವ ತಿಂಗಳಲ್ಲಿ ದಾರಿಯ ಅತಿ ತೆಳುವಾದ ಜಾಗದಲ್ಲಿ ಎಷ್ಟು ಆಳ ಉಳಿದಿರುತ್ತದೆ. ಈ ಎರಡು ಅಂಕಿಗಳು ಕೈಯಲ್ಲಿದ್ದರೆ ಉಳಿದ ಆಯ್ಕೆಗಳಲ್ಲಿ ಬಹುಪಾಲು ತಾವಾಗಿಯೇ ತೀರ್ಮಾನವಾಗುತ್ತವೆ. ಅವು ಇಲ್ಲದೆ ಮಾಡಿದ ಖರೀದಿ, ನೌಕೆ ಎಷ್ಟೇ ಒಳ್ಳೆಯದಾಗಿದ್ದರೂ, ಅದೃಷ್ಟದ ಮೇಲೆ ನಿಂತಿರುತ್ತದೆ.

ಮುಂದಿರುವ ಆಯ್ಕೆಗಳು

ಮೊದಲನೆಯದು ಟೋಬೋಟ್ ಮತ್ತು ಅದು ತಳ್ಳುವ, ಸ್ವಂತ ಎಂಜಿನ್ ಇಲ್ಲದ ಬಾರ್ಜ್‌ಗಳ ವ್ಯವಸ್ಥೆ. ಇಲ್ಲಿ ಬಾರ್ಜ್ ಎಂದರೆ ತೇಲುವ ಉಕ್ಕಿನ ಪೆಟ್ಟಿಗೆ ಮಾತ್ರ. ಹಲವು ಬಾರ್ಜ್‌ಗಳನ್ನು ಉಕ್ಕಿನ ಹಗ್ಗ ಮತ್ತು ರ‍್ಯಾಚೆಟ್‌ಗಳಿಂದ ಬಿಗಿದು ಒಂದೇ ಗಟ್ಟಿ ಒಡಲಿನಂತೆ ಮಾಡಿ, ಹಿಂದಿನಿಂದ ಟೋಬೋಟ್ ತನ್ನ ಚಪ್ಪಟೆ ಮೂತಿಯನ್ನು ಒತ್ತಿ ತಳ್ಳುತ್ತದೆ. ಹೀಗೆ ಕಟ್ಟಿದ ಜೋಡಣೆಯನ್ನು ಟೋ ಎನ್ನುತ್ತಾರೆ. ಹೆಸರು ಎಳೆಯುವ ಅರ್ಥದ್ದು, ಕೆಲಸ ತಳ್ಳುವುದು. ಈ ಹೆಸರು ಮತ್ತು ಕೆಲಸದ ನಡುವಿನ ಎಡವಟ್ಟು ಅಮೆರಿಕದ ನದಿಗಳಲ್ಲಿ ಉಗಿಯ ಕಾಲದಿಂದಲೂ ಉಳಿದುಬಂದಿದೆ. ಅಲ್ಲಿ ಕಲ್ಲಿದ್ದಲು ಸಾಗಿಸುತ್ತಿದ್ದ ‘ಸ್ಪ್ರೇಗ್’ ಎಂಬ ಉಗಿ ಟೋಬೋಟ್ 1907ರಲ್ಲಿ ಒಂದೇ ಸಲ 60 ಬಾರ್ಜ್‌ಗಳಲ್ಲಿ 67,307 ಟನ್ ಕಲ್ಲಿದ್ದಲನ್ನು ತಳ್ಳಿಕೊಂಡು ಹೋಗಿತ್ತು.

ಎರಡನೆಯದು ಸ್ವಂತ ಎಂಜಿನ್ ಇರುವ ಬಾರ್ಜ್. ಯೂರೋಪಿನ ರೈನ್ ನದಿಯಲ್ಲಿ ಹೆಚ್ಚಾಗಿ ಕಾಣುವುದು ಇದೇ. 110 ಮೀಟರ್ ಉದ್ದ ಮತ್ತು 11.4 ಮೀಟರ್ ಅಗಲದ ನೌಕೆ ಅಲ್ಲಿನ ಪ್ರಮಾಣಿತ ಗಾತ್ರಗಳಲ್ಲಿ ಒಂದು. ಮೂರನೆಯದು ಇವೆರಡರ ನಡುವಿನ ಜೋಡಿ: ಎಂಜಿನ್ ಇರುವ ಒಂದು ಸರಕು ನೌಕೆ ತನ್ನ ಮುಂದೆ ಎಂಜಿನ್ ಇಲ್ಲದ ಒಂದು ಬಾರ್ಜನ್ನು ಕಟ್ಟಿಕೊಂಡು ತಳ್ಳುತ್ತದೆ. ನಾಲ್ಕನೆಯದಾಗಿ ಉದ್ದನೆಯ ಹಗ್ಗ ಕಟ್ಟಿ ಟಗ್ ಮುಂದಿನಿಂದ ಎಳೆಯುವ ಹಳೆಯ ಪದ್ಧತಿಯಿದೆ. ಆದರೆ ಅಲೆಗಳಿಲ್ಲದ ನದಿಯಲ್ಲಿ ಅದಕ್ಕೆ ಇಂದು ಹೆಚ್ಚಿನ ಜಾಗವಿಲ್ಲ. ಎಳೆಯುವಾಗ ಪ್ರೊಪೆಲರ್ ಹಿಂದಕ್ಕೆ ಎಸೆದ ನೀರು ನೇರವಾಗಿ ಬಾರ್ಜ್‌ನ ಮೂತಿಗೆ ಬಡಿದು ಶಕ್ತಿ ಪೋಲಾಗುತ್ತದೆ, ತಿರುವಿನಲ್ಲಿ ಬಾರ್ಜ್ ತನ್ನಿಷ್ಟಕ್ಕೆ ಓಲಾಡುತ್ತದೆ, ಟಗ್ ನಿಂತರೂ ಬಾರ್ಜ್ ನಿಲ್ಲುವುದಿಲ್ಲ. ನದೀಮುಖದಲ್ಲಿ ಅಥವಾ ದೊಡ್ಡ ಸರೋವರದಲ್ಲಿ ಅಲೆಗಳು ಎದ್ದಾಗ ಮಾತ್ರ ಪರಿಸ್ಥಿತಿ ತಲೆಕೆಳಗಾಗುತ್ತದೆ: ಅಲ್ಲಿ ಬಿಗಿದು ಕಟ್ಟಿದ ಹಗ್ಗಗಳು ಹರಿಯುತ್ತವೆ, ಆದ್ದರಿಂದ ಉದ್ದ ಹಗ್ಗದ ಎಳೆತ ಅಥವಾ ಕೀಲುಗೂಟದಿಂದ ಜೋಡಿಸಿದ ಟಗ್-ಬಾರ್ಜ್ ಹೆಚ್ಚು ಸುರಕ್ಷಿತ.

ದಕ್ಕೆಯ ಗಂಟೆಗಳು

ಟೋಬೋಟ್ ವ್ಯವಸ್ಥೆಯ ಮೂಲ ಲಾಭ ಅದರ ಗಾತ್ರದಲ್ಲಿದೆ ಎಂದು ಹಲವರು ತಿಳಿದಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಲಾಭ ಇರುವುದು ಎಂಜಿನನ್ನೂ ಸರಕಿನ ಪೆಟ್ಟಿಗೆಯನ್ನೂ ಬೇರ್ಪಡಿಸಿದ್ದರಲ್ಲಿ. ಎಂಜಿನ್, ಇಂಧನ, ಸಿಬ್ಬಂದಿಯ ಸಂಬಳ ಇವೆಲ್ಲ ಇರುವುದು ಟೋಬೋಟಿನಲ್ಲಿ; ಬಾರ್ಜ್ ದಕ್ಕೆಯಲ್ಲಿ ಮೂರು ದಿನ ಸುಮ್ಮನೆ ನಿಂತರೆ ಆಗುವ ನಷ್ಟ ಅದರ ಬಂಡವಾಳದ ಬಡ್ಡಿಯಷ್ಟು, ಟೋಬೋಟ್ ನಿಂತರೆ ಆಗುವ ನಷ್ಟ ಅದರ ಎಷ್ಟೋ ಪಟ್ಟು. ಆದ್ದರಿಂದ ಕಾಯುವ ಕೆಲಸವನ್ನು ಅಗ್ಗದ ವಸ್ತುವಿಗೆ ಬಿಟ್ಟು, ದುಬಾರಿ ವಸ್ತುವನ್ನು ಸದಾ ಓಡಿಸುತ್ತಿರುವುದೇ ಇದರ ಲೆಕ್ಕಾಚಾರ.

ಇದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು. ಎರಡು ದಕ್ಕೆಗಳ ನಡುವೆ 300 ಕಿಲೋಮೀಟರ್ ದೂರವಿದ್ದು, ಪ್ರವಾಹಕ್ಕೆ ಎದುರಾಗಿ ಗಂಟೆಗೆ 8 ಕಿಲೋಮೀಟರ್ ಮತ್ತು ಪ್ರವಾಹದ ಜೊತೆಗೆ 14 ಕಿಲೋಮೀಟರ್ ವೇಗ ಸಿಗುತ್ತದೆ ಎಂದುಕೊಳ್ಳೋಣ. ಹೋಗಿಬರಲು ಸುಮಾರು 59 ಗಂಟೆ ಬೇಕು. ಸರಕು ತುಂಬಲು 24 ಗಂಟೆ ಮತ್ತು ಇಳಿಸಲು 36 ಗಂಟೆ ಹಿಡಿಯುತ್ತದೆ ಎಂದಾದರೆ, ಸ್ವಂತ ಎಂಜಿನ್ ಇರುವ ಬಾರ್ಜ್‌ನ ಒಂದು ಸುತ್ತು 119 ಗಂಟೆಯದಾಗುತ್ತದೆ, ಅಂದರೆ 30 ದಿನಗಳಲ್ಲಿ ಅದು ಆರು ಸುತ್ತು ಮಾತ್ರ ಮುಗಿಸುತ್ತದೆ ಮತ್ತು ಅದರ ಎಂಜಿನ್ ಅರ್ಧ ಸಮಯ ತಣ್ಣಗೆ ಕುಳಿತಿರುತ್ತದೆ. ಅದೇ ದಾರಿಯಲ್ಲಿ ಟೋಬೋಟ್ ಮೂರು ತಂಡ ಬಾರ್ಜ್‌ಗಳೊಂದಿಗೆ ಕೆಲಸ ಮಾಡಿದರೆ, ಒಂದು ತಂಡ ತುಂಬುತ್ತಿರುವಾಗ ಇನ್ನೊಂದು ತಂಡ ಖಾಲಿಯಾಗುತ್ತಿರುತ್ತದೆ, ಮೂರನೆಯದು ದಾರಿಯಲ್ಲಿರುತ್ತದೆ. ಬಿಚ್ಚಿ ಕಟ್ಟಲು ಪ್ರತಿ ತುದಿಯಲ್ಲಿ 6 ಗಂಟೆ ಸೇರಿಸಿದರೂ ಟೋಬೋಟಿನ ಸುತ್ತು 71 ಗಂಟೆಗೆ ಮುಗಿಯುತ್ತದೆ, 30 ದಿನಗಳಲ್ಲಿ ಹತ್ತು ಸುತ್ತು ಸಾಧ್ಯವಾಗುತ್ತದೆ.

ಈಗ ಅದೇ ಲೆಕ್ಕದಲ್ಲಿ ದಕ್ಕೆಯ ಗಂಟೆಗಳನ್ನು ಮಾತ್ರ ಬದಲಿಸಿ ನೋಡಿ. ಸರಕು ತೈಲವಾಗಿದ್ದು, ಪಂಪಿನ ಮೂಲಕ ತುಂಬಲು 6 ಗಂಟೆ, ಇಳಿಸಲು 6 ಗಂಟೆ ಸಾಕು ಎಂದಾದರೆ ಎಂಜಿನ್ ಇರುವ ಬಾರ್ಜ್‌ನ ಸುತ್ತೂ 71 ಗಂಟೆಗೇ ಇಳಿಯುತ್ತದೆ. ಟೋಬೋಟ್ ಬಿಚ್ಚಿ ಕಟ್ಟುವುದರಲ್ಲಿ ಕಳೆಯುವ ಹೊತ್ತಿನಲ್ಲೇ ಇದು ತುಂಬಿ ಖಾಲಿಯೂ ಆಗಿರುತ್ತದೆ. ಮೂರು ತಂಡ ಬಾರ್ಜ್‌ಗಳ ಬಂಡವಾಳ ಹೂಡುವ ಅಗತ್ಯವೇ ಉಳಿಯುವುದಿಲ್ಲ. ಅಮೆರಿಕದ ನದಿಗಳಲ್ಲಿ ತೈಲದ ಸಾಗಣೆ ಬೇರೆಯೇ ರೂಪದಲ್ಲಿ ಬೆಳೆದುಬಂದದ್ದು ಇದೇ ಕಾರಣದಿಂದ: ಅಲ್ಲಿ 30,000 ಬ್ಯಾರೆಲ್ ಹಿಡಿಯುವ ಎರಡು-ಮೂರು ಟ್ಯಾಂಕ್ ಬಾರ್ಜ್‌ಗಳಿಗೆ ಒಂದು ಟೋಬೋಟ್ ಕಾಯಂ ಆಗಿ ಅಂಟಿಕೊಂಡಿರುತ್ತದೆ, ದಕ್ಕೆಯಲ್ಲೂ ಬಿಟ್ಟುಹೋಗುವುದಿಲ್ಲ. ಜೋಳ, ಸೋಯಾ, ಕಲ್ಲಿದ್ದಲು ಸಾಗಿಸುವ ಟೋಬೋಟ್‌ಗಳಾದರೋ ಬಾರ್ಜ್‌ಗಳನ್ನು ದಾರಿಯುದ್ದಕ್ಕೂ ಬಿಡುತ್ತ, ಎತ್ತಿಕೊಳ್ಳುತ್ತ ಸಾಗುತ್ತವೆ.

ಈ ಲೆಕ್ಕದಲ್ಲಿ ಸುಲಭವಾಗಿ ಮರೆತುಹೋಗುವ ಖರ್ಚೊಂದಿದೆ. ಬಿಟ್ಟುಹೋದ ಬಾರ್ಜ್‌ಗಳನ್ನು ಕಟ್ಟಿಹಾಕಲು ದಡದಲ್ಲಿ ಜಾಗ ಬೇಕು, ಅವುಗಳನ್ನು ದಕ್ಕೆಗೆ ತರಲು ಮತ್ತು ಒಯ್ಯಲು ಸಣ್ಣ ದೋಣಿ ಬೇಕು, ನೆರೆ ಬಂದಾಗ ಹಗ್ಗ ಹರಿದು ತೇಲಿಹೋಗದಂತೆ ಹಗಲಿರುಳು ಕಾವಲು ಬೇಕು. ಈ ಸೌಲಭ್ಯ ಈಗಾಗಲೇ ಇರುವ ನದಿಯಲ್ಲಿ ಅದಕ್ಕೆ ದಿನದ ಲೆಕ್ಕದ ಬಾಡಿಗೆ ಕೊಟ್ಟರಾಯಿತು. ಇಲ್ಲದ ನದಿಯಲ್ಲಿ ಎಲ್ಲವನ್ನೂ ನೀವೇ ಕಟ್ಟಬೇಕು. ಮೊದಲ ಸಲ ಈ ವ್ಯವಹಾರಕ್ಕೆ ಇಳಿಯುವವರಿಗೆ, ಸಾಗಣೆ ಇನ್ನೂ ಬೆಳೆಯದ ನದಿಯಾದರೆ, ಎಂಜಿನ್ ಇರುವ ಬಾರ್ಜ್‌ನಿಂದ ಆರಂಭಿಸುವುದೇ ಒಳಿತು ಎಂದು ನಾನು ಹೇಳುವುದು ಇದರಿಂದಾಗಿ.

ಲಾಕ್‌ಗಳ ಅಳತೆ

ನದಿಯ ಮಟ್ಟ ಬದಲಾಗುವ ಕಡೆ ನೌಕೆಗಳನ್ನು ಏರಿಸಿ ಇಳಿಸುವ ಲಾಕ್‌ಗಳು ದಾರಿಯಲ್ಲಿದ್ದರೆ, ಟೋ ಎಷ್ಟು ದೊಡ್ಡದಿರಬಹುದು ಎಂಬುದನ್ನು ತೀರ್ಮಾನಿಸುವುದು ಅವೇ. ಅಮೆರಿಕದ ಮಿಸಿಸಿಪಿ ನದಿಯ ಮೇಲ್ಭಾಗ ಇದಕ್ಕೆ ಪಾಠದಂತಿದೆ. ಅಲ್ಲಿನ ಸಾಮಾನ್ಯ ಬಾರ್ಜ್ 195 ಅಡಿ ಉದ್ದ, 35 ಅಡಿ ಅಗಲವಿದ್ದು ಸುಮಾರು 1,360 ಮೆಟ್ರಿಕ್ ಟನ್ ಹೊರುತ್ತದೆ. ಮೂರು ಅಗಲ, ಐದು ಉದ್ದವಾಗಿ 15 ಬಾರ್ಜ್‌ಗಳನ್ನು ಕಟ್ಟಿದರೆ ಅಗಲ 105 ಅಡಿ, ಉದ್ದ 975 ಅಡಿ ಆಗುತ್ತದೆ. ಲಾಕ್‌ನ ಅಗಲ 110 ಅಡಿ, ಆದ್ದರಿಂದ ಎರಡು ಪಕ್ಕಗಳಲ್ಲಿ ಉಳಿಯುವ ಜಾಗ ಎರಡೂವರೆ ಅಡಿಯಂತೆ. 1,200 ಅಡಿ ಉದ್ದದ ಲಾಕ್‌ನಲ್ಲಿ ಟೋಬೋಟ್ ಸಹಿತ ಇಡೀ ಟೋ ಒಂದೇ ಸಲಕ್ಕೆ ಹಿಡಿಯುತ್ತದೆ. ಆದರೆ ಅಲ್ಲಿನ ಬಹುತೇಕ ಲಾಕ್‌ಗಳು 600 ಅಡಿಯವು; ಅವುಗಳಲ್ಲಿ ಮೊದಲು ಒಂಬತ್ತು ಬಾರ್ಜ್‌ಗಳನ್ನು ಬಿಚ್ಚಿ ದಾಟಿಸಿ, ನಂತರ ಉಳಿದ ಆರರೊಂದಿಗೆ ಟೋಬೋಟ್ ದಾಟಿ, ಆಚೆ ಮತ್ತೆ ಎಲ್ಲವನ್ನೂ ಕಟ್ಟಬೇಕು. ಮುಕ್ಕಾಲು ಗಂಟೆಯಲ್ಲಿ ಮುಗಿಯಬೇಕಾದ ಕೆಲಸಕ್ಕೆ ಒಂದೂವರೆಯಿಂದ ಎರಡು ಗಂಟೆ ತಗಲುತ್ತದೆ, ಹಿಂದೆ ಬಂದ ಟೋ ಅಷ್ಟೂ ಹೊತ್ತು ಕಾಯುತ್ತದೆ. ಸೇಂಟ್ ಲೂಯಿಸ್‌ನಿಂದ ಕೆಳಗೆ ಲಾಕ್‌ಗಳೇ ಇಲ್ಲದಿರುವುದರಿಂದ ಅದೇ ನದಿಯಲ್ಲಿ 30ರಿಂದ 40 ಬಾರ್ಜ್‌ಗಳ ಟೋಗಳು ಓಡಾಡುತ್ತವೆ. ನದಿ ಒಂದೇ, ಆದರೆ ಲಾಭದ ಗಾತ್ರ ಎರಡು.

ಇದರಿಂದ ಕಲಿಯಬೇಕಾದದ್ದೇನೆಂದರೆ, ಬಾರ್ಜ್‌ನ ಅಳತೆಯನ್ನು ಲಾಕ್‌ನ ಅಳತೆಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬರಬೇಕು. ಲಾಕ್‌ನ ಅಗಲವನ್ನು ಪೂರ್ಣ ಸಂಖ್ಯೆಯ ಬಾರ್ಜ್‌ಗಳು ತುಂಬದಿದ್ದರೆ ಪ್ರತಿ ಸಲ ನೀರು ತುಂಬಿಸಿ ಇಳಿಸುವಾಗಲೂ ಖಾಲಿ ಜಾಗಕ್ಕೆ ಸಮಯ ತೆತ್ತಂತಾಗುತ್ತದೆ. ಲಾಕ್‌ಗಳು ಕಿರಿದಾಗಿದ್ದು ಒಂದು ನೌಕೆಗಷ್ಟೇ ಸಾಕಾಗುವಂತಿದ್ದರೆ, ಟೋಬೋಟಿನ ಚರ್ಚೆಯನ್ನು ಅಲ್ಲಿಗೇ ಬಿಟ್ಟು ಎಂಜಿನ್ ಇರುವ ಬಾರ್ಜನ್ನು ಆರಿಸಬಹುದು.

ತಿರುವುಗಳೂ ಇದೇ ಬಗೆಯ ಮಿತಿಯನ್ನು ಹೇರುತ್ತವೆ. ರೈನ್‌ನಲ್ಲಿ ರೋಟರ್‌ಡಾಮ್‌ನಿಂದ ಡ್ಯೂಸ್‌ಬರ್ಗ್‌ಗೆ ಕಬ್ಬಿಣದ ಅದಿರು ಒಯ್ಯುವ ಆರು ಬಾರ್ಜ್‌ಗಳ ಟೋ ಸುಮಾರು 16,000 ಟನ್ ಹೊರುತ್ತದೆ. ಪ್ರವಾಹಕ್ಕೆ ಎದುರಾಗಿ ಹೋಗುವಾಗ ಅದನ್ನು ಎರಡು ಅಗಲ, ಮೂರು ಉದ್ದವಾಗಿ ಕಟ್ಟುತ್ತಾರೆ, ಖಾಲಿಯಾಗಿ ಇಳಿದು ಬರುವಾಗ ಮೂರು ಅಗಲ, ಎರಡು ಉದ್ದವಾಗಿ. ಏರುವಾಗ ಕಿರಿದಾದ ಮೂತಿ ನೀರನ್ನು ಸುಲಭವಾಗಿ ಸೀಳುತ್ತದೆ. ಇಳಿಯುವಾಗ ಉದ್ದ ಕಡಿಮೆಯಿದ್ದಷ್ಟೂ ಹತೋಟಿ ಹೆಚ್ಚು. ಒಂದು ಸರಕು ನೌಕೆಯ ಆಕಾರವನ್ನು ಹೀಗೆ ದಿಕ್ಕಿಗೆ ತಕ್ಕಂತೆ ಬದಲಿಸಿಕೊಳ್ಳುವ ಅನುಕೂಲ ಎಂಜಿನ್ ಇರುವ ಬಾರ್ಜ್‌ಗೆ ಎಂದೂ ಸಿಗುವುದಿಲ್ಲ.

ನೀರು ಇಳಿದಾಗ

ಎಲ್ಲ ಆಯ್ಕೆಗಳನ್ನೂ ಪರೀಕ್ಷೆಗೆ ಒಡ್ಡುವುದು ಬರದ ವರ್ಷ. ರೈನ್‌ನ ಕಾಬ್ ಎಂಬಲ್ಲಿ ನೀರಿನ ಮಟ್ಟ ತೋರಿಸುವ ಅಳತೆಪಟ್ಟಿ 2018ರ ಅಕ್ಟೋಬರ್‌ನಲ್ಲಿ 25 ಸೆಂಟಿಮೀಟರಿಗೆ ಇಳಿದಿತ್ತು. ಮಿಸಿಸಿಪಿಯ ಮೆಂಫಿಸ್ ಅಳತೆಪಟ್ಟಿ 2022ರ ಅಕ್ಟೋಬರ್‌ನಲ್ಲಿ ಅದುವರೆಗಿನ ದಾಖಲೆಗಳನ್ನು ಮುರಿದು ಇಳಿಯಿತು, ಮರುವರ್ಷ ಅದಕ್ಕಿಂತಲೂ ಕೆಳಗೆ ಹೋಯಿತು. ಇಂತಹ ಹೊತ್ತಿನಲ್ಲಿ ನೌಕೆ ನೀರಿನಲ್ಲಿ ಮುಳುಗುವ ಆಳ, ಅಂದರೆ ಡ್ರಾಫ್ಟ್, ಒಂದೊಂದು ಸೆಂಟಿಮೀಟರಿನ ಲೆಕ್ಕದಲ್ಲಿ ಹಣವಾಗುತ್ತದೆ. ಮೇಲೆ ಹೇಳಿದ ಅಮೆರಿಕದ ಬಾರ್ಜ್ ಒಂದು ಅಡಿ ಕಡಿಮೆ ಮುಳುಗಬೇಕಾದರೆ ಸುಮಾರು 185 ಟನ್ ಸರಕನ್ನು ಬಿಟ್ಟುಕೊಡಬೇಕು. 15 ಬಾರ್ಜ್‌ಗಳ ಟೋದಲ್ಲಿ ಅದು 2,800 ಟನ್ನಿನಷ್ಟಾಗುತ್ತದೆ. ಇಂಧನ ಮತ್ತು ಸಂಬಳದ ಖರ್ಚು ಮಾತ್ರ ಹೆಚ್ಚು ಇಳಿಯುವುದಿಲ್ಲ.

ಇಲ್ಲಿ ಖರೀದಿದಾರರು ಎಡವುವ ಜಾಗವೊಂದಿದೆ. ಬಾರ್ಜ್‌ಗೆ ಸರಕು ಕಡಿಮೆ ತುಂಬಿ ಅದನ್ನು ಮೇಲಕ್ಕೆ ತರಬಹುದು, ಏಕೆಂದರೆ ಖಾಲಿ ಬಾರ್ಜ್ ಅರ್ಧ ಮೀಟರಿನ ಆಸುಪಾಸಿನಲ್ಲೇ ತೇಲುತ್ತದೆ. ಟೋಬೋಟಿಗೆ ಆ ಸೌಲಭ್ಯವಿಲ್ಲ. ಎಂಜಿನ್, ಗೇರು, ಪ್ರೊಪೆಲರ್‌ಗಳ ಭಾರ ಇದ್ದೇ ಇರುತ್ತದೆ, ಕಡಿಮೆ ಮಾಡಲು ಸಾಧ್ಯವಿರುವುದು ಟ್ಯಾಂಕಿನಲ್ಲಿರುವ ಇಂಧನ ಮತ್ತು ನೀರು ಮಾತ್ರ. ದೊಡ್ಡ ಟೋಬೋಟ್‌ಗಳು ಎಂಟು-ಒಂಬತ್ತು ಅಡಿ ಆಳ ಬೇಡುವುದರಿಂದ ಬಾರ್ಜ್‌ಗಳು ಹೋಗಬಲ್ಲ ನೀರಿನಲ್ಲಿ ಅವುಗಳನ್ನು ತಳ್ಳುವ ಟೋಬೋಟೇ ತಳ ತಾಗಿ ನಿಲ್ಲುವ ಸಂಭವವಿದೆ. ತೆಳುನೀರಿನ ನದಿಗೆ ಟೋಬೋಟ್ ನೋಡುವಾಗ, ಇಂಧನ ತುಂಬಿದ ಸ್ಥಿತಿಯಲ್ಲಿ ಅದರ ಹಿಂಭಾಗ ಎಷ್ಟು ಮುಳುಗುತ್ತದೆ ಎಂಬುದನ್ನೇ ಮೊದಲು ಅಳೆಯಿರಿ, ಕಾಗದದ ಮೇಲಿನ ಅಂಕಿಯನ್ನು ನೆಚ್ಚಬೇಡಿ. ಎಂಜಿನ್ ಇರುವ ಬಾರ್ಜ್‌ಗೂ ಇದೇ ತೊಂದರೆ ಇನ್ನೊಂದು ರೂಪದಲ್ಲಿದೆ: ಸರಕು ಕಡಿಮೆಯಾದರೂ ಪ್ರೊಪೆಲರ್ ನೀರೊಳಗೆ ಇರಲೇಬೇಕು, ಆದ್ದರಿಂದ ಒಂದು ಮಿತಿಯ ಕೆಳಗೆ ಅದು ಓಡಲಾರದು. ಮೂರನೆಯ ಆಯ್ಕೆಯಾದ ಜೋಡಿ ಬೆಲೆಬಾಳುವುದು ಇಲ್ಲಿಯೇ. ನೀರು ತುಂಬಿರುವಾಗ ಎರಡು ಒಡಲುಗಳಲ್ಲೂ ಪೂರ್ತಿ ಸರಕು ತುಂಬಿ, ನೀರು ಇಳಿದಾಗ ಒಂದೇ ನೌಕೆಯಷ್ಟು ಸರಕನ್ನು ಎರಡರ ನಡುವೆ ಹಂಚಿ ತೆಳ್ಳಗೆ ತೇಲಿಸಬಹುದು.

ಆಳವಿಲ್ಲದ ನೀರಿನಲ್ಲಿ ವೇಗವಾಗಿ ಹೋದಷ್ಟೂ ನೌಕೆ ತಳದ ಕಡೆಗೆ ಇನ್ನಷ್ಟು ಕುಸಿಯುತ್ತದೆ. ಈ ಕುಸಿತ ಸರಿಸುಮಾರು ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ನಿಂತಾಗ 40 ಸೆಂಟಿಮೀಟರ್ ನೀರು ತಳದ ಕೆಳಗೆ ಇದ್ದರೂ ಓಡುವಾಗ ಅಷ್ಟೇ ಇರುತ್ತದೆಂದು ನಂಬುವಂತಿಲ್ಲ. ಗಂಗೆ, ಬ್ರಹ್ಮಪುತ್ರದಂತಹ ಮೆಕ್ಕಲು ನದಿಗಳಲ್ಲಿ ಇದರ ಜೊತೆಗೆ ಹರಿವಿನ ದಾರಿಯೇ ಪ್ರತಿ ಮಳೆಗಾಲದ ನಂತರ ಪಕ್ಕಕ್ಕೆ ಸರಿಯುತ್ತದೆ. 1986ರಲ್ಲಿ ಘೋಷಿತವಾದ ರಾಷ್ಟ್ರೀಯ ಜಲಮಾರ್ಗ 1 ಪ್ರಯಾಗರಾಜ್‌ನಿಂದ ಹಲ್ದಿಯಾದವರೆಗೆ 1,620 ಕಿಲೋಮೀಟರ್ ಉದ್ದವಿದ್ದು, ಅದರಲ್ಲಿ 1,500ರಿಂದ 2,000 ಟನ್ ನೌಕೆಗಳು ಓಡಾಡಬೇಕೆಂದು ಹಲ್ದಿಯಾದಿಂದ ಬಿಹಾರದ ಬಾಢ್‌ವರೆಗೆ 3 ಮೀಟರ್ ಆಳದ ಗುರಿಯಿಟ್ಟು, ಮೇಲಕ್ಕೆ ಹೋದಂತೆ ಆ ಗುರಿಯನ್ನೇ ಕಡಿಮೆ ಇರಿಸಲಾಯಿತು. ಇಂತಹ ಉದ್ದನೆಯ ದಾರಿಯಲ್ಲಿ ಕೆಳಭಾಗಕ್ಕೆ ಹೊಂದುವ ನೌಕೆ ಮೇಲ್ಭಾಗಕ್ಕೆ ಹೊಂದದಿರಬಹುದು. ಎಂಜಿನ್ ಇಲ್ಲದ ಬಾರ್ಜ್‌ಗಳಾದರೆ ನಡುದಾರಿಯಲ್ಲಿ ದೊಡ್ಡ ಟೋಬೋಟಿನಿಂದ ಬಿಡಿಸಿ, ಕಡಿಮೆ ಆಳದ ಚಿಕ್ಕ ಟೋಬೋಟಿಗೆ ಒಪ್ಪಿಸುವ ಉಪಾಯವಾದರೂ ಇದೆ.

ಯಾವ ಬಾರ್ಜ್, ಯಾವ ಟೋಬೋಟ್

ಬಾರ್ಜ್‌ನ ಬಗೆಯನ್ನು ಸರಕೇ ಹೇಳುತ್ತದೆ. ಧಾನ್ಯ, ಗೊಬ್ಬರಗಳಿಗೆ ಮುಚ್ಚಳವಿರುವ ಹಾಪರ್ ಬಾರ್ಜ್ (ಸರಕು ಸುರಿಯುವ ತೊಟ್ಟಿಯಂತಹದು), ಕಲ್ಲಿದ್ದಲು ಮತ್ತು ಮರಳಿಗೆ ತೆರೆದ ಹಾಪರ್, ಯಂತ್ರಗಳಿಗೆ ಸಪಾಟಾದ ಡೆಕ್ ಬಾರ್ಜ್, ದ್ರವಗಳಿಗೆ ಎರಡು ಗೋಡೆಯ ಟ್ಯಾಂಕ್ ಬಾರ್ಜ್. ಮುಚ್ಚಳವಿರುವ ಹಾಪರ್‌ಗೆ ತುಸು ಹೆಚ್ಚು ಬೆಲೆ ಕೊಡಬೇಕಾದರೂ ಮರಳುವ ದಾರಿಯಲ್ಲಿ ಬೇರೊಂದು ಸರಕು ಸಿಗುವ ಸಾಧ್ಯತೆ ಅದಕ್ಕೆ ಹೆಚ್ಚು. ಆಕಾರದಲ್ಲಿ, ಮೂತಿ ಇಳಿಜಾರಾಗಿರುವ ಬಾರ್ಜ್‌ಗಳು ಟೋದ ಮುಂಭಾಗಕ್ಕೆ ಬೇಕು, ಎರಡು ತುದಿಯೂ ಚೌಕಾಗಿರುವವು ನಡುವೆ ಇದ್ದರೆ ಸಂದಿಯಿಲ್ಲದೆ ಕೂಡಿಕೊಂಡು ನೀರಿನ ಎಳೆತವನ್ನು ತಗ್ಗಿಸುತ್ತವೆ. ಹೆಚ್ಚಿಗೆ ಸರಕು ಹಿಡಿಯುತ್ತವೆಂದು ಎಲ್ಲವನ್ನೂ ಚೌಕದ ಬಾರ್ಜ್‌ಗಳನ್ನೇ ಕೊಂಡವರಿಗೆ ಒಂಟಿ ಬಾರ್ಜ್ ಸಾಗಿಸಬೇಕಾದ ದಿನ ಇಂಧನದ ಲೆಕ್ಕ ನೋಡಿ ತಪ್ಪು ತಿಳಿಯುತ್ತದೆ.

ಅಶ್ವಶಕ್ತಿಯ ಮಾತಿಗೆ ಈಗ ಬರಬಹುದು. ಮಿಸಿಸಿಪಿಯ ಮೇಲ್ಭಾಗದಲ್ಲಿ 15 ಬಾರ್ಜ್‌ಗಳನ್ನು ಐದಾರು ಸಾವಿರ ಅಶ್ವಶಕ್ತಿಯ ಟೋಬೋಟ್ ತಳ್ಳುತ್ತದೆ, ಅಂದರೆ ಒಂದು ಅಶ್ವಶಕ್ತಿಗೆ ಮೂರೂವರೆಯಿಂದ ನಾಲ್ಕು ಟನ್ ಸರಕು. ಪ್ರವಾಹ ಜೋರಾಗಿದ್ದರೆ ಈ ಪ್ರಮಾಣವನ್ನು ಇಳಿಸಿಕೊಳ್ಳಬೇಕು, ನಿಂತ ನೀರಿನ ಕಾಲುವೆಯಾದರೆ ಏರಿಸಬಹುದು. ಪ್ರೊಪೆಲರ್ ಸುತ್ತ ಬಳೆಯಂತಹ ಕೋರ್ಟ್ ನಾಜಲ್ ಇದ್ದರೆ ಕಡಿಮೆ ವೇಗದ ಭಾರೀ ತಳ್ಳುವಿಕೆಯಲ್ಲಿ ಅದೇ ಎಂಜಿನ್ನಿನಿಂದ ಗಮನಾರ್ಹವಾಗಿ ಹೆಚ್ಚು ಬಲ ಸಿಗುತ್ತದೆ, ಆದ್ದರಿಂದ ಬರೀ ಅಶ್ವಶಕ್ತಿಯ ಅಂಕಿಯನ್ನು ಹೋಲಿಸುವುದು ಸರಿಯಲ್ಲ. ಮುಂದಕ್ಕೆ ಓಡಿಸುವ ಬಲಕ್ಕಿಂತ ಹಿಂದಕ್ಕೆ ಹಿಡಿದು ನಿಲ್ಲಿಸುವ ಬಲವನ್ನು ನಾನು ಹೆಚ್ಚು ಗಮನಿಸುತ್ತೇನೆ: ಪ್ರವಾಹದ ಜೊತೆ ಇಳಿಯುತ್ತಿರುವ ತುಂಬಿದ ಟೋ ನಿಲ್ಲಲು ಕಿಲೋಮೀಟರಿಗೂ ಹೆಚ್ಚು ದೂರ ಬೇಕಾಗಬಹುದು. ಪ್ರೊಪೆಲರ್‌ನ ಮುಂದೆ ಜೋಡಿಸಿದ ಹೆಚ್ಚುವರಿ ಚುಕ್ಕಾಣಿಗಳು ಟೋಬೋಟಿನ ವಿಶೇಷ. ಎಂಜಿನನ್ನು ಹಿಮ್ಮುಖವಾಗಿ ಓಡಿಸಿದಾಗಲೂ ಅವು ದಿಕ್ಕು ತಿರುಗಿಸಬಲ್ಲವು. ಬಿಗಿಯಾದ ತಿರುವಿನಲ್ಲಿ ಪೈಲಟ್ ಎಂಜಿನ್ ಹಿಮ್ಮುಖ ಮಾಡಿ, ಪ್ರವಾಹವೇ ಟೋವನ್ನು ಮೆಲ್ಲಗೆ ತಿರುಗಿಸುವಂತೆ ಬಿಡುವುದು ಅವುಗಳ ನೆರವಿನಿಂದಲೇ.

ಪ್ರೊಪೆಲರ್ ಘಟಕವೇ ಸುತ್ತಲೂ ತಿರುಗುವ ಜೆಡ್-ಡ್ರೈವ್ ಟೋಬೋಟ್‌ಗಳು ಈಗ ಹೆಚ್ಚುತ್ತಿವೆ. ಲಾಕ್ ಮತ್ತು ತಿರುವು ಹೆಚ್ಚಿರುವ ದಾರಿಗೆ, ದಕ್ಕೆಯ ಓಡಾಟಕ್ಕೆ ಅವು ಚೆನ್ನ. ಮರಳದಿಬ್ಬ ಮತ್ತು ತೇಲುವ ಮರದ ದಿಮ್ಮಿಗಳಿರುವ ತೆಳುನೀರಿನಲ್ಲಿ ಕೆಳಗೆ ಇಳಿಬಿದ್ದ ಅವುಗಳ ಘಟಕಕ್ಕೆ ಪೆಟ್ಟಾದರೆ ದುರಸ್ತಿ ದುಬಾರಿ. ತಗ್ಗಾದ ಸೇತುವೆಗಳಿದ್ದರೆ, ಚಿಕಾಗೊ ಬಳಿಯ ಕಾಲುವೆಯಲ್ಲಿರುವಂತೆ, ಏರಿಸಿ ಇಳಿಸಬಲ್ಲ ಪೈಲಟ್ ಕೋಣೆಯಿರುವ ಟೋಬೋಟ್ ಬೇಕು.

ಕೊಳ್ಳುವುದೋ, ಬಾಡಿಗೆಗೆ ಹಿಡಿಯುವುದೋ

ದೂರದ ದಾರಿಯ ಟೋಬೋಟ್ ಹಗಲಿರುಳು ಓಡುತ್ತದೆ, ಆರು ಗಂಟೆಯ ಪಾಳಿಗಳಲ್ಲಿ ಎರಡು ತಂಡ ಸಿಬ್ಬಂದಿ ಅದಕ್ಕೆ ಬೇಕು. ರೈನ್‌ನಲ್ಲಿ ದಿನಕ್ಕೆ 14 ಗಂಟೆ, 18 ಗಂಟೆ, 24 ಗಂಟೆ ಎಂದು ಓಡಾಟದ ಕ್ರಮಗಳನ್ನು ನಿಯಮವೇ ವಿಂಗಡಿಸಿದ್ದು, ಚಿಕ್ಕ ಮಾಲೀಕರು ರಾತ್ರಿ ಲಂಗರು ಹಾಕಿ ಕಡಿಮೆ ಸಿಬ್ಬಂದಿಯಲ್ಲಿ ನಡೆಸಬಹುದು. ಎಂಜಿನ್ ಇರುವ ಬಾರ್ಜ್ ಕುಟುಂಬದ ಉದ್ಯಮವಾಗಿ ಉಳಿದಿರುವುದಕ್ಕೆ ಇದೂ ಒಂದು ಕಾರಣ. ತಿಂಗಳಿಡೀ ಟೋಬೋಟನ್ನು ದುಡಿಸುವಷ್ಟು ಸರಕು ಖಚಿತವಾಗಿ ನಿಮ್ಮಲ್ಲಿ ಇಲ್ಲದಿದ್ದರೆ ಅದನ್ನು ಕೊಳ್ಳುವ ಯೋಚನೆ ಬೇಡ. ಬಾರ್ಜ್‌ಗಳನ್ನಷ್ಟೇ ಕೊಂಡು, ಇನ್ನೊಬ್ಬರ ಟೋದಲ್ಲಿ ಸೇರಿಸಿ ಕಳುಹಿಸಬಹುದು. ತಲುಪುವ ದಿನ ನಿಮ್ಮ ಕೈಯಲ್ಲಿರುವುದಿಲ್ಲ ಎಂಬುದೇ ಅದರ ಬೆಲೆ.

ಹಳೆಯ ಬಾರ್ಜ್ ಕೊಳ್ಳುವಾಗ ಬಣ್ಣಕ್ಕೆ ಮರುಳಾಗದೆ, ತಳದ ತಗಡಿನ ದಪ್ಪವನ್ನು ಅಲ್ಟ್ರಾಸಾನಿಕ್ ಉಪಕರಣದಿಂದ ಸಾಲುಸಾಲಾಗಿ ಅಳೆಸಿ. ಪಕ್ಕದ ಖಾಲಿ ಕೋಣೆಗಳ ಮುಚ್ಚಳ ತೆಗೆದು ಒಳಗೆ ನೀರಿದೆಯೇ ನೋಡಿ, ಹಗ್ಗ ಕಟ್ಟುವ ಗೂಟಗಳ ಬುಡದಲ್ಲಿ ಬೆಸುಗೆ ಬಿರುಕುಬಿಟ್ಟಿದೆಯೇ ಪರೀಕ್ಷಿಸಿ. ಟೋದ ಪೂರ್ತಿ ಸೆಳೆತ ಬೀಳುವುದು ಆ ಗೂಟಗಳ ಮೇಲೆ. ಬಾಡಿಗೆಯ ಕರಾರಾದರೆ ಎರಡು ಷರತ್ತುಗಳನ್ನು ಸಹಿಗೆ ಮೊದಲೇ ಬಿಡಿಸಿ ಬರೆಸಿಕೊಳ್ಳಬೇಕು: ದಕ್ಕೆಯಲ್ಲಿ ಬಾರ್ಜ್ ಎಷ್ಟು ದಿನ ಉಚಿತವಾಗಿ ನಿಲ್ಲಬಹುದು ಮತ್ತು ಆ ಗಡುವು ಯಾವ ಗಳಿಗೆಯಿಂದ ಎಣಿಕೆಯಾಗುತ್ತದೆ, ಹಾಗೂ ನೀರು ಇಳಿದು ಅರ್ಧ ಸರಕು ಮಾತ್ರ ಹೊರಲು ಸಾಧ್ಯವಾದಾಗ ಬಾಡಿಗೆ ಟನ್ನಿನ ಲೆಕ್ಕದಲ್ಲಿ ಇರುತ್ತದೆಯೋ, ಇಡೀ ಬಾರ್ಜ್‌ನ ಲೆಕ್ಕದಲ್ಲೋ. ರೈನ್‌ನ ಕರಾರುಗಳಲ್ಲಿ ಅಳತೆಪಟ್ಟಿಯ ಅಂಕಿಗೆ ಹೊಂದಿಸಿ ಹೆಚ್ಚುವರಿ ದರವನ್ನು ಮೊದಲೇ ಪಟ್ಟಿಮಾಡುವ ರೂಢಿಯಿದೆ. ಬೇರೆ ನದಿಗಳಲ್ಲಿಯೂ ಹತ್ತಿರದ ಒಂದು ಅಳತೆಪಟ್ಟಿಯನ್ನು ಕರಾರಿನಲ್ಲಿ ಹೆಸರಿಸಿ ಹಾಗೆಯೇ ಬರೆಸಿಕೊಳ್ಳಬಹುದು.